ಟೀಚರಮ್ಮನ ಬೀರಿನ ನಲ್ಲಿ

ಬೀರು ಕುಡಿಯುವವರ ಕತೆ ಯಾರಿಗೆ ಬೇಕು? ಅಂಥವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ಆದರೆ ಜೀವಮಾನದಲ್ಲಿ ಒಂದು ತೊಟ್ಟು ಬಾಯಿಗೆ ಬಿಟ್ಟುಕೊಳ್ಳದೆ, ವಾಸನೆ ಬಂದರೂ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಲೇ ಮನೆಯಲ್ಲಿ ಬೀರು ಮಾಡಿ, ಅದಕ್ಕೊಂದು ನಲ್ಲಿಯನ್ನೂ ಇಟ್ಟ ಹೆಂಗಸು ನನಗೆ ಗೊತ್ತಿರುವಂತೆ ಒಬ್ಬರೇ. ಅವರು ಯಶೋದಮ್ಮ.

ಚಿಕ್ಕಬಳ್ಳಾಪುರ ದಾಟಿ ಬಾಗೇಪಲ್ಲಿ ಕಡೆಗೆ ಹೋಗುವ ಹೈವೇಯಿಂದ ಒಂದಿಷ್ಟು ಒಳಕ್ಕೆ, ಸೇವಂತಿಗೆ ತೋಟಗಳ ನಡುವೆ ಅವರ ಊರು. ಆ ಊರಿನ ಅಂಗನವಾಡಿಯಲ್ಲಿ ನಿವೃತ್ತಿಯಾಗುವ ತನಕ ಅವರೇ ಟೀಚರು. ಇವತ್ತು ಮೀಸೆ ತಿರುವಿಕೊಂಡು ಬುಲೆಟ್ ಓಡಿಸುವ ಊರ ಗಂಡಸರಲ್ಲಿ ಅರ್ಧ ಜನ ಒಂದು ಕಾಲದಲ್ಲಿ ಅವರ ಕೈಯಲ್ಲಿ ಮೂಗು ಒರೆಸಿಸಿಕೊಂಡವರು. ಹಾಗಾಗಿ ಊರು ಅವರನ್ನು ಟೀಚರಮ್ಮ ಅನ್ನುತ್ತದೆ, ಬಹುವಚನ ಬಿಟ್ಟು ಮಾತಾಡುವುದಿಲ್ಲ. ಅವರ ಗಂಡ ಚಿಕ್ಕವೆಂಕಟಪ್ಪನಿಗೆ ಮಾತ್ರ ಊರು ಏಕವಚನವೇ ಸಾಕು ಎಂದು ತೀರ್ಮಾನಿಸಿದೆ. ನಾನ್ಯಾಕೆ ಊರಿಗೆ ವಿರುದ್ಧ ಹೋಗಲಿ?

ಚಿಕ್ಕವೆಂಕಟಪ್ಪ ಕೆಟ್ಟವನೇನಲ್ಲ. ಕೋಳಿ ಕೂಗುವ ಮೊದಲೇ ಎದ್ದು ಸೇವಂತಿಗೆ ಮೂಟೆಗಳನ್ನು ಚಿಕ್ಕಬಳ್ಳಾಪುರದ ಹೂವಿನ ಮಾರ್ಕೆಟ್ಟಿಗೆ ಹಾಕಿ, ಮಧ್ಯಾಹ್ನಕ್ಕೆ ಮನೆಗೆ ಬಂದು ಮುದ್ದೆ ಉಂಡು, ಒಂದು ನಿದ್ದೆ ತೆಗೆಯುವನು. ಹೊತ್ತು ಇಳಿಯುತ್ತಿದ್ದಂತೆ ಎದ್ದು, ಮುಖ ತೊಳೆದು, ಬಿಳಿ ಶರ್ಟು ತೊಟ್ಟು, ಗೂಟದಲ್ಲಿ ನೇತುಹಾಕಿದ್ದ ಟಿವಿಎಸ್ ಬೀಗದ ಕೈ ತೆಗೆದುಕೊಳ್ಳುವನು. ಅಲ್ಲಿಂದ ಸೀದಾ ಹೈವೇ ಆಚೆ ಬದಿಯ ಬಾರಿಗೆ. ಜೊತೆಗೆ ಪಕ್ಕದ ಮನೆಯ ಗಂಗುಲಪ್ಪ, ಬಸ್ಸಿನ ಕಂಡಕ್ಟರಾಗಿದ್ದು ಈಗ ಮನೆಯಲ್ಲಿ ಕೂತಿರುವ ಮುನಿಶಾಮಪ್ಪ. ಬೀರು ಕುಡಿದು, ಕಡಲೆಕಾಯಿ ಬೀಜ ತಿಂದು, ಪ್ರಪಂಚವನ್ನೆಲ್ಲ ರಿಪೇರಿ ಮಾಡಿ ಮನೆಗೆ ಬರುವ ಹೊತ್ತಿಗೆ ಯಶೋದಮ್ಮ ಬಡಿಸಿಟ್ಟ ಸಾರು ತಣ್ಣಗಾಗಿರುತ್ತಿತ್ತು. ಗಲಾಟೆ ಇಲ್ಲ, ಬೈಗುಳವಿಲ್ಲ. ಉಂಡು ಮಲಗಿದರೆ ಮುಗಿಯಿತು.

ಕೆಲಸವಿದ್ದಷ್ಟು ದಿನ ಯಶೋದಮ್ಮನಿಗೆ ಇದು ಅಷ್ಟಾಗಿ ತಟ್ಟಿರಲಿಲ್ಲ. ದಿನವಿಡೀ ಮಕ್ಕಳ ಗದ್ದಲದಲ್ಲಿ ಕಿವಿ ತೂತಾಗಿ ಮನೆಗೆ ಬಂದರೆ ಸಾಕಪ್ಪ, ಯಾರೂ ಮಾತಾಡಿಸಬೇಡಿ ಅನ್ನಿಸುತ್ತಿತ್ತು. ನಿವೃತ್ತಿಯಾದ ಮೇಲೆ ಅದು ತಿರುಗುಮುರುಗಾಯಿತು. ಮಗಳು ತನುಶ್ರೀ ಮದುವೆಯಾಗಿ ಚಿಕ್ಕಬಳ್ಳಾಪುರದಲ್ಲಿದ್ದಳು. ಹಗಲು ಹೇಗೋ ಕಳೆಯುತ್ತಿತ್ತು. ಸಂಜೆ ದೀಪ ಹಚ್ಚಿ ಕೂತರೆ ಗೋಡೆ ನೋಡಬೇಕು, ಇಲ್ಲವೇ ಟಿವಿ ಧಾರಾವಾಹಿಯಲ್ಲಿ ಅತ್ತೆ ಸೊಸೆ ಕಚ್ಚಾಡುವುದನ್ನು ನೋಡಬೇಕು. ಅದಕ್ಕಿಂತ ಗೋಡೆಯೇ ವಾಸಿ ಎಂದು ಅವರು ಟಿವಿ ಆರಿಸುತ್ತಿದ್ದರು.

ಹಾಗಿರುವಾಗ ಒಂದು ಸಂಜೆ ಚಿಕ್ಕವೆಂಕಟಪ್ಪ ಬಾರಿನಿಂದ ಬರುತ್ತಾ ಹೈವೇ ಪಕ್ಕದ ಚರಂಡಿಗೆ ಬಿದ್ದ. ಎದುರಿಗೆ ಟೊಮೆಟೊ ಲಾರಿ ಬಂತು, ತಪ್ಪಿಸಿಕೊಳ್ಳಲು ಹೋದೆ ಎಂದ. ಲಾರಿ ಬರಬೇಕಾದ ಕಡೆಯಿಂದಲೇ ಬರುತ್ತಿತ್ತು, ಬರಬಾರದ ಕಡೆಯಿಂದ ಬರುತ್ತಿದ್ದವನು ಇವನು ಎಂಬುದನ್ನು ಗಂಗುಲಪ್ಪ ಆಮೇಲೆ ಬಾಯಿಬಿಟ್ಟ. ಮೊಣಕೈ ತರಚಿತ್ತು, ಪಾದ ಊದಿಕೊಂಡಿತ್ತು, ಅಷ್ಟೇ. ದೇವರು ದೊಡ್ಡವನು ಎಂದು ಊರೆಲ್ಲ ಹೇಳಿ ಹೋಯಿತು. ಯಶೋದಮ್ಮ ಗಾಯಕ್ಕೆ ಅರಿಶಿನ ಹಚ್ಚಿದರು. ಕೆಸರು ಮೆತ್ತಿದ ಬಿಳಿ ಶರ್ಟನ್ನು ಒಗೆಯುತ್ತಾ ಅವರು ಹಿತ್ತಲಲ್ಲಿ ಒಬ್ಬರೇ ಅತ್ತರು. ಈ ಮನುಷ್ಯನನ್ನು ಸಂಜೆ ಹೊತ್ತು ಮನೆಯಲ್ಲಿ ಉಳಿಸಿಕೊಳ್ಳದಿದ್ದರೆ ಒಂದು ದಿನ ಕಳೆದುಕೊಳ್ಳುತ್ತೇನೆ ಎಂದು ಅವರಿಗೆ ಖಾತ್ರಿಯಾಯಿತು.

ಹಾಗಂತ ಕುಡಿಯಬೇಡಿ ಎಂದು ಗಂಡನಿಗೆ ಹೇಳಲಿಲ್ಲ. ಅದನ್ನು ಹಿಂದೆ ಹೇಳಿ ನೋಡಿದ್ದರು, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು. ಹಟ ಹಿಡಿದ ಮಗುವಿನ ಕೈಯಿಂದ ಕತ್ತರಿ ಕಿತ್ತುಕೊಂಡರೆ ರಂಪ ಮಾಡುತ್ತದೆ, ಇನ್ನೊಂದು ಆಟಿಕೆ ತೋರಿಸಬೇಕು ಎಂಬುದು ಅವರ ಅಂಗನವಾಡಿಯ ಪಾಠ.

ಮಾವನ ಕಾಲು ನೋಡಲು ಭಾನುವಾರ ಮಗಳು ಅಳಿಯ ಬಂದರು. ಅಳಿಯ ಕನಕರಾಜ್ ಫ್ರಿಜ್, ಏಸಿ ರಿಪೇರಿ ಮಾಡುವವನು. ವಾರದಲ್ಲಿ ಅರ್ಧ ಬೆಂಗಳೂರಿನಲ್ಲೇ ಇರುತ್ತಿದ್ದ, ಅಲ್ಲಿನ ಪಬ್ಬುಗಳಲ್ಲಿ ಬೀರು ತಣ್ಣಗಿಡುವ ಕೂಲರುಗಳು ಕೆಟ್ಟರೆ ಇವನೇ ಹೋಗಬೇಕು. ಆ ಪಬ್ಬುಗಳಲ್ಲಿ ಬೀರನ್ನು ಅಲ್ಲೇ ಬೇಯಿಸಿ ಅಲ್ಲೇ ಕೊಡುತ್ತಾರೆ ಎಂದು ಅವನು ಹಿಂದೆ ಯಾವಾಗಲೋ ಹೇಳಿದ್ದು ಯಶೋದಮ್ಮನ ತಲೆಯಲ್ಲಿ ಉಳಿದಿತ್ತು. ಆದರೆ ಕೇಳುವುದು ಹೇಗೆ? ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿ ಆ ಮನೆಯಲ್ಲಿಲ್ಲ. ಸಾರು ಬೇಕಾ ಎಂದು ಕೇಳಬೇಕಾದರೂ ಮಗಳ ಮೂಲಕವೇ ಕೇಳಬೇಕು. ಅಳಿಯ ಮುದ್ದೆ ಮುರಿಯುತ್ತಿದ್ದಾಗ ಯಶೋದಮ್ಮ ಅಡುಗೆಮನೆ ಬಾಗಿಲ ಮರೆಯಲ್ಲಿ ನಿಂತು, ಮುಖ ಆಚೆ ತಿರುಗಿಸಿಕೊಂಡು ಮಗಳಿಗೆ ಹೇಳಿದರು.

"ತನು, ಕೇಳೇ ನಿಮ್ಮನೆಯವರನ್ನ. ಬೀರು ಮನೇಲಿ ಮಾಡಕ್ಕಾಗುತ್ತಾ ಅಂತ."

ಕನಕರಾಜನ ಮುದ್ದೆ ಗಂಟಲಲ್ಲೇ ನಿಂತಿತು. ನೀರು ಕುಡಿದು ಸುಧಾರಿಸಿಕೊಂಡ. ಎರಡೇ ಮಾರು ದೂರದಲ್ಲಿದ್ದ ಅತ್ತೆಗೆ ಅವನೂ ಹೆಂಡತಿಯ ಮೂಲಕವೇ ಉತ್ತರ ಕೊಟ್ಟ. ಕಾಳನ್ನು ಮೊಳಕೆ ಬರಿಸಿ ಒಣಗಿಸಬೇಕು, ನುಚ್ಚು ಮಾಡಿ ಬಿಸಿನೀರಲ್ಲಿ ನೆನೆಸಿದರೆ ಸಿಹಿ ಇಳಿಯುತ್ತದೆ, ಸೋಸಿ ಕುದಿಸಿ ಆರಿಸಿ ಈಸ್ಟ್ ಹಾಕಿದರೆ ಅದು ಆ ಸಿಹಿ ತಿಂದು ಬೀರು ಮಾಡುತ್ತದೆ, ಇಷ್ಟೇ. ಕೇಳುತ್ತಾ ಕೇಳುತ್ತಾ ಯಶೋದಮ್ಮ ಬಾಗಿಲ ಮರೆಯಿಂದ ಈಚೆ ಬಂದುಬಿಟ್ಟಿದ್ದರು.

"ಇದೇನಿದು, ರಾಗಿ ಮಾಲ್ಟಲ್ವೇನೇ? ಅಷ್ಟು ವರ್ಷ ಮಕ್ಕಳಿಗೆ ಮಾಡಿ ಕುಡಿಸಿದ್ದು ಇನ್ನೇನು?" ಎಂದರು. ಅಲ್ಲಿಂದ ಮುಂದೆ ಅತ್ತೆ ಅಳಿಯನ ಮಧ್ಯೆ ಮಗಳು ಬೇಕಾಗಲಿಲ್ಲ.

ಇದು ಕಾನೂನಿನ ಕಣ್ಣಿಗೆ ಎಷ್ಟು ಸರಿ ಎಂದು ವಾದಿಸಲು ನಾನು ಹೋಗುವುದಿಲ್ಲ. ಕನಕರಾಜ್ ಮಾತ್ರ ಮೊದಲೇ ಎಚ್ಚರಿಸಿದ್ದ: ಯಾರಿಗೂ ಮಾರಕೂಡದು, ಊರಲ್ಲಿ ಡಂಗುರ ಹೊಡೆಯಕೂಡದು. ಮೊದಲನೆಯದು ಪೂರಾ ನಡೆಯಿತು. ಎರಡನೆಯದು ಗಂಗುಲಪ್ಪನಿಗೆ ಗೊತ್ತಾಗುವವರೆಗೆ ನಡೆಯಿತು.

ಮೊದಲ ಸಲದ್ದು ಕೆಟ್ಟಿತು. ಅದು ಕೆಟ್ಟ ಕಾರಣ ಕೇಳಿದರೆ ಬೇರೆ ಊರಿನ ಬೀರು ಮಾಡುವವರು ನಕ್ಕಾರು. ಯಶೋದಮ್ಮ ರಾಗಿಯನ್ನು ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿದ್ದರು. ಅಲ್ಲಿಗೆ ನಿಲ್ಲಿಸಬೇಕಿತ್ತು. ಕೈ ಸುಮ್ಮನಿರಬೇಕಲ್ಲ? ವರ್ಷಾನುಗಟ್ಟಲೆ ಮಾಡಿದ ಅಭ್ಯಾಸ, ಬಾಣಲೆ ಇಟ್ಟು ಘಮ್ಮಂತ ಹುರಿದುಬಿಟ್ಟರು. ಹುರಿದರೆ ಮಕ್ಕಳಿಗೆ ಹೊಟ್ಟೆ ಉಬ್ಬರಿಸುವುದಿಲ್ಲ ಎಂದು ತಾಯಂದಿರಿಗೆ ಪಾಠ ಹೇಳಿದವರು ಅವರೇ. ಆದರೆ ಹುರಿದ ಕಾಳಿನಿಂದ ಸಿಹಿ ಇಳಿಯುವುದಿಲ್ಲ. ನೆನೆಸಿದರು, ಸೋಸಿದರು, ರುಚಿ ನೋಡಿದರೆ ಬರೀ ಸುವಾಸನೆಯ ನೀರು. ಕನಕರಾಜ್ ಫೋನಿನಲ್ಲಿ ನಗು ತಡೆದುಕೊಂಡು, "ಅತ್ತೆ, ಇದನ್ನ ಕುಡಿಯೋರಿಗೆ ಹಲ್ಲು ಬಂದಿರುತ್ತೆ, ಹುರಿಯಬೇಡಿ" ಎಂದ.

ಎರಡನೆಯ ಸಲ ಅವನು ಬೆಂಗಳೂರಿನಿಂದ ಮೊಳಕೆ ಬರಿಸಿದ ಬಾರ್ಲಿಯನ್ನೂ ಒಂದಿಷ್ಟು ತಂದುಕೊಟ್ಟ, ಜೊತೆಗೊಂದು ಥರ್ಮಾಮೀಟರು, ಕಹಿಗೆ ಹಾಕುವ ಹಾಪ್ಸ್ ಎಂಬ ಹಸಿರು ಒಣಹೂವು. ಹೂವು ಬೆಳೆಯುವ ಮನೆಯ ಯಶೋದಮ್ಮ ಅದನ್ನು ಮೂಸಿ ನೋಡಿ, ದೇವರ ತಲೆಗೂ ಆಗದ ಹೆಂಗಸರ ಮುಡಿಗೂ ಆಗದ ಇದೆಂಥ ಹೂವೋ ಎಂದು ಮುಖ ಸಿಂಡರಿಸಿದರು. ಆದರೂ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದರು. ಮಡಿಕೆ ಕುಡಿಕೆ, ಕೊಳವೆ, ಸೌಟು ಎಲ್ಲವನ್ನೂ ಕುದಿಯುವ ನೀರಲ್ಲಿ ಅದ್ದಿ ತೆಗೆದರು. ಆ ವಿಷಯದಲ್ಲಿ ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಈಸ್ಟ್ ಹಾಕಿ ಮುಚ್ಚಿ, ಮುಚ್ಚಳದಿಂದ ಹೊರಟ ಕೊಳವೆಯ ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿ ದೇವರ ಮನೆಯ ಆಚೆಯ ಕತ್ತಲೆ ಕೋಣೆಯಲ್ಲಿ ಇಟ್ಟರು. ಮಾರನೆಯ ದಿನದಿಂದ ಬಾಟಲಿ ಗುಳುಕ್ ಗುಳುಕ್ ಎನ್ನತೊಡಗಿತು. ಮನೆಯಲ್ಲಿ ಇನ್ನೊಂದು ಜೀವ ಉಸಿರಾಡುತ್ತಿದೆ ಅನ್ನಿಸಿ ಯಶೋದಮ್ಮನಿಗೆ ಯಾಕೋ ಖುಷಿಯಾಯಿತು. ತರಕಾರಿ ಹೆಚ್ಚುವ ಮಣೆಯನ್ನು ಅದರ ಹತ್ತಿರವೇ ಹಾಕಿಕೊಂಡು ಕೂರುತ್ತಿದ್ದರು.

ಅದು ಹುದುಗುವಷ್ಟರಲ್ಲಿ ಕನಕರಾಜ್ ಮನೆಯ ಹಳೇ ಫ್ರಿಜ್ಜನ್ನು ಅಡುಗೆಮನೆ ಪಕ್ಕದ ಜಗಲಿಗೆ ಎಳೆದು, ಬಾಗಿಲಿಗೆ ತೂತು ಕೊರೆದು ಪಬ್ಬಿನ ಹಿತ್ತಾಳೆ ನಲ್ಲಿಯೊಂದನ್ನು ಕೂರಿಸಿದ. ಒಳಗೆ ಬೀರು ತುಂಬಿಡುವ ಉದ್ದನೆಯ ಸ್ಟೀಲಿನ ಕೆಗ್ಗು, ಪಕ್ಕದಲ್ಲಿ ಸೋಡಾ ಗ್ಯಾಸಿನ ಪುಟ್ಟ ಸಿಲಿಂಡರು. ಗ್ಯಾಸು ಮೇಲಿನಿಂದ ಒತ್ತುತ್ತದೆ, ಬೀರು ಕೊಳವೆ ಹಿಡಿದು ನಲ್ಲಿಗೆ ಬರುತ್ತದೆ. ಫ್ರಿಜ್ಜಿನ ಬಾಗಿಲಿಗೆ ಯಶೋದಮ್ಮ ಕೆಲಸದಲ್ಲಿದ್ದಾಗ ಅಂಟಿಸಿದ್ದ ಪಲ್ಸ್ ಪೋಲಿಯೋ ಸ್ಟಿಕ್ಕರು ಇನ್ನೂ ಇತ್ತು. ನಲ್ಲಿ ಸರಿಯಾಗಿ ಅದರ ಪಕ್ಕಕ್ಕೇ ಬಂತು. ಈಗಲೂ ಅಲ್ಲಿ ನಿಂತು ಲೋಟ ಹಿಡಿದರೆ, ಎರಡು ಹನಿ ತಪ್ಪದೆ ಹಾಕಿಸಿ ಎಂದು ಓದಿಕೊಳ್ಳಬಹುದು.

ಬೀರು ತಯಾರಾದ ದಿನ ಚಿಕ್ಕವೆಂಕಟಪ್ಪನನ್ನು ಜಗಲಿಗೆ ಕರೆದು ಕೂರಿಸಿದರು. ಅವನು ಇದೆಲ್ಲ ಹೆಂಡತಿಯ ಹುಚ್ಚು ಎಂದುಕೊಂಡಿದ್ದ. ನಲ್ಲಿ ತಿರುಗಿಸಿದರೆ ಬುಸ್ಸೆಂದು ಬರೀ ನೊರೆ, ಲೋಟ ತುಂಬಿ ಅಂಗೈ ತುಂಬಿ ಬಿಳಿ ಶರ್ಟಿನ ಮೇಲೆಲ್ಲ ನೊರೆ. ಕೊಳವೆ ಗಿಡ್ಡವಾಯಿತು, ಗ್ಯಾಸು ಜಾಸ್ತಿಯಾಯಿತು ಎಂದು ಕನಕರಾಜ್ ಉದ್ದನೆಯ ಕೊಳವೆ ಹಾಕಿ, ಸುರುಳಿ ಸುತ್ತಿ ಒಳಗಿಟ್ಟ. ಆಮೇಲೆ ಬಂತು ನೋಡಿ, ರಾಗಿಯ ಬಣ್ಣ ತಿರುಗಿದ ತಂಪು ಬೀರು, ಮೇಲೆ ಬೆರಳುದ್ದ ನೊರೆ. ಚಿಕ್ಕವೆಂಕಟಪ್ಪ ಒಂದು ಗುಟುಕು ಕುಡಿದ. ಹೆಂಡತಿಯ ಮುಖ ನೋಡಿದ. ಇನ್ನೊಂದು ಗುಟುಕು ಕುಡಿದ. ಪರವಾಗಿಲ್ಲ ಎಂದ. ಆ ಮನುಷ್ಯನ ಬಾಯಲ್ಲಿ ಪರವಾಗಿಲ್ಲ ಎಂದರೆ ಬೇರೆಯವರ ಬಾಯಲ್ಲಿ ಸ್ವರ್ಗಕ್ಕೆ ಮೂರೇ ಗೇಣು ಎಂದ ಹಾಗೆ.

ಯಶೋದಮ್ಮ ಗೆದ್ದೆ ಎಂದುಕೊಂಡರು. ಮಾರನೆಯ ದಿನ ಸಂಜೆ ಅವನು ಮನೆಯಲ್ಲೇ ಒಂದು ಲೋಟ ಕುಡಿದ, ಬಾಯಿ ಒರೆಸಿಕೊಂಡ, ಜಗಲಿಯಲ್ಲಿ ಅತ್ತಿಂದಿತ್ತ ಓಡಾಡಿದ, ಬೀದಿಯ ಕಡೆ ನೋಡಿದ, ಗೂಟದಿಂದ ಬೀಗದ ಕೈ ತೆಗೆದುಕೊಂಡು ಹೊರಟೇಬಿಟ್ಟ.

ಅವತ್ತು ಅವರಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ರಾಗಿ ಮೊಳಕೆ ಕಟ್ಟಿದ್ದೇನು, ಹೊಗೆಯಲ್ಲಿ ಕಣ್ಣು ಕೆಂಪಾಗಿಸಿಕೊಂಡಿದ್ದೇನು, ಜನ್ಮದಲ್ಲಿ ಮುಟ್ಟದ್ದನ್ನು ಕೈಯಾರೆ ಮಾಡಿ ಬಡಿಸಿದ್ದೇನು! ಬಂದವನಿಗೆ ತಟ್ಟೆ ಠಕ್ಕೆಂದು ಇಟ್ಟು, ಮನೆಯಲ್ಲೇ ಇತ್ತಲ್ಲ, ಅಲ್ಲೇನು ಕಡಿದು ಕಟ್ಟೆ ಹಾಕಲು ಹೋಗಿದ್ರಿ ಎಂದು ಕೇಳಿದರು. ಚಿಕ್ಕವೆಂಕಟಪ್ಪ ಸಾರಿನಲ್ಲಿ ಬೆರಳಾಡಿಸುತ್ತಾ, "ಒಬ್ನೇ ಕೂತು ಕುಡಿದ್ರೆ ಔಷಧಿ ಕುಡಿದಂಗಿರುತ್ತೆ ಕಣೇ" ಎಂದ.

ಆ ಮಾತು ಯಶೋದಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಒಬ್ಬರೇ ಕೂತು ಉಣ್ಣುವ ಮುದ್ದೆಯ ರುಚಿ ಅವರಿಗಿಂತ ಯಾರಿಗೆ ಗೊತ್ತು? ಆದರೆ ನಾನೂ ಇದ್ದೇನಲ್ಲ ಮನೆಯಲ್ಲಿ ಎಂಬ ಮಾತು ನಾಲಿಗೆಯ ತುದಿಗೆ ಬಂದದ್ದನ್ನು ಅವರು ಹೇಳಲಿಲ್ಲ, ನುಂಗಿಕೊಂಡರು.

ಮರುದಿನ ಗಂಗುಲಪ್ಪನನ್ನೂ ಮುನಿಶಾಮಪ್ಪನನ್ನೂ ಅವರೇ ಹೇಳಿ ಕಳಿಸಿ ಕರೆಸಿಕೊಂಡರು. ಗಂಗುಲಪ್ಪ ಮೊದಲ ಗುಟುಕಿಗೇ ಕಣ್ಣು ಮುಚ್ಚಿ "ಬಾಗುಂದಮ್ಮಾ" ಎಂದು ತೆಲುಗಿಗೆ ಹಾರಿದ. ಅವನಿಗೆ ಖುಷಿ ಜಾಸ್ತಿಯಾದರೆ ಕನ್ನಡ ಸಾಲದು. ಅಲ್ಲಿಂದ ಮುಂದಿನದ್ದನ್ನು ಹೇಳಬೇಕೇ? ಒಬ್ಬ ಗಂಡ ಮನೆಯಲ್ಲಿರಲಿ ಎಂದು ನಲ್ಲಿ ಇಟ್ಟರೆ ಮೂವರು ಗಂಡಸರು ಜಗಲಿಯಲ್ಲಿ ಬೇರೂರಿದರು. ಬೀಡಿ ತುಂಡು, ಕಡಲೆಕಾಯಿ ಸಿಪ್ಪೆ, ಲೋಟದ ಗುಂಡಗಿನ ಕಲೆ, ಜೋರು ನಗು. ಹೈವೇ ಬಾರು ಮನೆಗೇ ನಡೆದು ಬಂದಂತಾಯಿತು.

ಮೂರು ದಿನ ಸಹಿಸಿಕೊಂಡ ಯಶೋದಮ್ಮ ನಾಲ್ಕನೆಯ ದಿನ ಜಗಲಿಯ ನಡುವೆ ಬಂದು ನಿಂತರು. ಅಂಗನವಾಡಿಯಲ್ಲಿ ಗದ್ದಲ ಹೆಚ್ಚಾದಾಗ ಮಾಡುತ್ತಿದ್ದ ಹಾಗೆ ಎರಡು ಚಪ್ಪಾಳೆ ತಟ್ಟಿದರು. ಮೂವರೂ ಬಾಯಿ ಮುಚ್ಚಿದರು. ಆಮೇಲೆ ಕಟ್ಟಳೆಗಳನ್ನು ಹೇಳಿದರು. ಕೈಕಾಲು ತೊಳೆದೇ ಒಳಗೆ ಬರಬೇಕು. ಚಾಪೆಯ ಮೇಲೆ ಸಾಲಾಗಿ ಕೂರಬೇಕು. ಮೊದಲು ಉಸಲಿ ತಿನ್ನಬೇಕು, ಆಮೇಲೆ ಲೋಟ. ಎರಡರ ಮೇಲೆ ಮೂರನೆಯ ಲೋಟ ಕೇಳಿದವರು ಮನೆಗೆ ಹೋಗಬಹುದು. ಕೆಟ್ಟ ಮಾತು ಬಂದರೆ ಗೋಡೆಯ ಕಡೆ ತಿರುಗಿ ನಿಲ್ಲಬೇಕು. ಅವರವರ ಲೋಟ ಅವರವರೇ ತೊಳೆಯಬೇಕು. ಅಂಗಡಿಯ ಬಾಟಲಿ ಈ ಮನೆಯ ಹೊಸ್ತಿಲು ದಾಟಕೂಡದು. ಗಾಡಿಯಲ್ಲಿ ಬರಕೂಡದು, ನಡೆದೇ ಬರಬೇಕು, ನಡೆದೇ ಹೋಗಬೇಕು.

ಮುನಿಶಾಮಪ್ಪ ಬಸ್ಸು ತುಂಬ ಜನರನ್ನು ಗದರಿಸಿದ ಕಂಡಕ್ಟರು. ಮೊದಲು ಲೋಟ ತೊಳೆದವನು ಅವನೇ. ಗಂಗುಲಪ್ಪ ಸೊಸೈಟಿ ಸೆಕ್ರೆಟರಿಯನ್ನು ಏನೋ ಅಂದದ್ದಕ್ಕೆ ಒಂದು ಸಂಜೆ ನಿಜವಾಗಿಯೂ ಗೋಡೆಯ ಕಡೆ ತಿರುಗಿ ನಿಂತ. ಅವನ ಹೆಂಡತಿ ಅಶ್ವತ್ಥಮ್ಮ ಕಾಂಪೌಂಡಿನ ಆಚೆಯಿಂದ ಇದನ್ನು ನೋಡಿ, ತಾಳಿ ಕಟ್ಟಿಸಿಕೊಂಡ ದಿನದಿಂದ ನನ್ನ ಕೈಯಲ್ಲಿ ಆಗದ್ದನ್ನು ಟೀಚರಮ್ಮ ಮಾಡಿದರು ಎಂದು ಊರೆಲ್ಲ ಹೇಳಿಕೊಂಡು ಬಂದಳು.

ಹೀಗೆ ಚಳಿಗಾಲ ಕಳೆಯಿತು. ಸಂಜೆ ಹೊತ್ತು ಟಿವಿಎಸ್ ಬೀಗದ ಕೈ ಗೂಟದಲ್ಲೇ ಇರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಜಗಲಿಯಲ್ಲಿ ಮಾತು ಶುರುವಾಗುತ್ತಿತ್ತು. ಯಶೋದಮ್ಮ ಉಸಲಿ ಬಡಿಸಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೂವು ಕಟ್ಟುತ್ತಾ ಕೇಳಿಸಿಕೊಳ್ಳುವರು. ಮುನಿಶಾಮಪ್ಪನ ಬಸ್ಸಿನ ಕತೆಗಳಿಗೆ ಹೊಟ್ಟೆ ಹಿಡಿದುಕೊಂಡು ನಗುವರು, ಆದರೆ ಚಾಪೆಯ ಕಡೆಗೆ ಬರುವವರಲ್ಲ. ಗಂಡಸರು ಕುಡಿಯುವ ಜಾಗ, ಯಾರೂ ಕರೆಯಲಿಲ್ಲ, ಅವರೂ ಹೋಗಲಿಲ್ಲ. ಗಂಡ ಕಣ್ಣೆದುರಿಗಿದ್ದಾನಲ್ಲ, ಅಷ್ಟು ಸಾಕು ಎಂದುಕೊಳ್ಳುತ್ತಿದ್ದರು. ಅಷ್ಟು ಸಾಕಾಗುತ್ತಿರಲಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಯುಗಾದಿ ಹತ್ತಿರ ಬಂತು. ನಮ್ಮ ಕಡೆ ಯುಗಾದಿಗಿಂತ ಅದರ ಮಾರನೆಯ ದಿನದ ವರ್ಷತೊಡಕೇ ದೊಡ್ಡದು. ಬೆಳಗ್ಗೆಯೇ ಮನೆಮನೆಗೆ ಮಾಂಸದ ಪಾಲು, ಮಧ್ಯಾಹ್ನ ಬಾಡೂಟ, ಸಂಜೆ ಗಂಡಸರಿಗೆ ಕುಡಿತ. ಅವತ್ತು ಏನು ಮಾಡುತ್ತೇವೋ ವರ್ಷವೆಲ್ಲ ಅದನ್ನೇ ಮಾಡುತ್ತೇವೆ ಎಂಬ ನಂಬಿಕೆ. ಅವತ್ತು ಅಳಬಾರದು, ಜಗಳ ಆಡಬಾರದು, ಸಾಲ ಮಾಡಬಾರದು. ಯಶೋದಮ್ಮನಿಗೆ ಈ ನಂಬಿಕೆ ಗಟ್ಟಿ. ವರ್ಷತೊಡಕಿನ ಸಂಜೆ ಗಂಡ ಜಗಲಿಯಲ್ಲಿ ಕೂತರೆ ವರ್ಷವಿಡೀ ಜಗಲಿಯಲ್ಲಿ, ಹೈವೇ ದಾಟಿದರೆ ವರ್ಷವಿಡೀ ಹೈವೇ ಆಚೆ. ಕೆಗ್ಗಿನಲ್ಲಿದ್ದ ಬೀರು ಹಬ್ಬದ ಹೊತ್ತಿಗೆ ಮುಗಿಯುವ ಹಾಗಿತ್ತು. ಹಬ್ಬಕ್ಕೆಂದೇ ಇದ್ದಬದ್ದ ರಾಗಿ, ಬಾರ್ಲಿಯನ್ನೆಲ್ಲ ಸುರಿದು ದೊಡ್ಡ ಪಾತ್ರೆಯಲ್ಲಿ ಕುದಿಸಿ, ಬಿಳಿ ಬಟ್ಟೆ ಮುಚ್ಚಿ, ಆರಲು ಜಗಲಿಯಲ್ಲಿಟ್ಟರು. ಅದು ಆರುವುದರೊಳಗೆ ಬರೋಣವೆಂದು ತೋಟಕ್ಕೆ ಹೋದರು.

ಆಗ ಬಂದಳು ಅಶ್ವತ್ಥಮ್ಮ. ಯಶೋದಮ್ಮನ ಹಸು ಗಬ್ಬವಾಗಿ ಹಾಲು ಬತ್ತಿದ್ದರಿಂದ ದಿನಾ ಒಂದು ಚೊಂಬು ಮಜ್ಜಿಗೆ ತಂದುಕೊಡುವುದು ಅವಳ ರೂಢಿ. ಮನೆಯಲ್ಲಿ ಯಾರೂ ಇಲ್ಲ. ಜಗಲಿಯಲ್ಲಿ ಪಾತ್ರೆ. ಬಟ್ಟೆ ಎತ್ತಿ ನೋಡಿದರೆ ರಾಗಿಯ ಬಣ್ಣ, ರಾಗಿಯ ವಾಸನೆ. ಬಿಸಿಲು ಹೊತ್ತು ಬೇರೆ. ಟೀಚರಮ್ಮ ಅಂಬಲಿ ಕಾಸಿಟ್ಟು ಮಜ್ಜಿಗೆ ಬೆರೆಸುವುದು ಮರೆತು ಹೋಗಿದ್ದಾರೆ ಎಂದುಕೊಂಡಳು. ಚೊಂಬಿನ ಮಜ್ಜಿಗೆಯನ್ನೆಲ್ಲ ಸುರಿದಳು. ಅಡುಗೆಮನೆಗೆ ಹೋಗಿ ಉಪ್ಪು ತಂದು ಹಾಕಿದಳು. ಕೈಯಿಂದಲೇ ಚೆನ್ನಾಗಿ ಕಲಸಿ, ಮತ್ತೆ ಬಟ್ಟೆ ಮುಚ್ಚಿ, ಒಂದು ಒಳ್ಳೆಯ ಕೆಲಸ ಮಾಡಿದ ತೃಪ್ತಿಯಲ್ಲಿ ಮನೆಗೆ ಹೋದಳು.

ಯಶೋದಮ್ಮ ಬಂದು ಬಟ್ಟೆ ತೆಗೆದು, ಬೆರಳದ್ದಿ ರುಚಿ ನೋಡಿದರೆ ಉಪ್ಪು, ಮಜ್ಜಿಗೆ! ವಿಷಯ ಗೊತ್ತಾಗಿ ಅಶ್ವತ್ಥಮ್ಮ ಓಡಿ ಬಂದು ಅವರ ಕೈ ಹಿಡಿದುಕೊಂಡು ಗೊಳೋ ಎಂದಳು. ಬೈಯುವುದಾದರೂ ಹೇಗೆ? ಉಪಕಾರ ಮಾಡಲು ಬಂದವಳು. ನೀನೇನು ಮಾಡ್ತೀಯ ಬಿಡಮ್ಮ, ನಾನೇ ಇದ್ದಿದ್ರೂ ನಿಮ್ಮನೇಲಿ ಅದನ್ನೇ ಮಾಡ್ತಿದ್ದೆ ಎಂದು ಅವಳನ್ನೇ ಸಮಾಧಾನ ಮಾಡಿ ಕಳಿಸಿದರು. ಪಾತ್ರೆಯಲ್ಲಿದ್ದದ್ದು ಹಸುವಿನ ಕಲಗಚ್ಚಿಗೆ ಸೇರಿತು. ಮತ್ತೆ ಮೊಳಕೆ ಕಟ್ಟಿ, ಕುದಿಸಿ, ಹುದುಗಲು ಬಿಡುವಷ್ಟು ದಿನ ಹಬ್ಬಕ್ಕೆ ಉಳಿದಿರಲಿಲ್ಲ. ಗಂಡನಿಗೆ ಹೇಳಿದರು. ಅವನು ಹೂಂ ಎಂದ. ಆ ಹೂಂ ಎಂಬುದರಲ್ಲಿ ಏನಿದೆ ಎಂದು ಹಬ್ಬದವರೆಗೂ ತಲೆ ಕೆಡಿಸಿಕೊಂಡರು.

ಯುಗಾದಿಯ ದಿನ ಬೇವು ಬೆಲ್ಲ ತಿಂದು, ಸಂಜೆ ಆ ಬರಿದಾದ ಕೆಗ್ಗು ನೋಡಿ ಅವರಿಗೆ ಏನನ್ನಿಸಿತೋ, ರಾಗಿಹಿಟ್ಟಿನ ತೆಳ್ಳನೆಯ ಅಂಬಲಿ ಕಾಸಿ, ಆರಿಸಿ, ಅಶ್ವತ್ಥಮ್ಮನ ಮನೆಯ ಹುಳಿಮಜ್ಜಿಗೆಯನ್ನೇ ಬೆರೆಸಿ, ಉಪ್ಪು, ಇಂಗು ಹಾಕಿ, ತೆಳುಬಟ್ಟೆಯಲ್ಲಿ ಎರಡು ಸಲ ಸೋಸಿ ಕೆಗ್ಗಿಗೆ ತುಂಬಿದರು. ಗ್ಯಾಸೂ ಬಿಟ್ಟರು. ನಲ್ಲಿ ಒಣಗಿ ನಿಂತರೆ ಮನೆಗೆ ಒಳ್ಳೆಯದಲ್ಲ ಎಂದು ತಮಗೆ ತಾವೇ ಹೇಳಿಕೊಂಡರು.

ವರ್ಷತೊಡಕಿನ ಮಧ್ಯಾಹ್ನ ಚಿಕ್ಕವೆಂಕಟಪ್ಪ ಮಾಂಸದ ಸಾರಿನಲ್ಲಿ ಮುದ್ದೆ ಉಂಡ, ಮಲಗಿದ. ಹೊತ್ತು ಇಳಿಯುತ್ತಲೇ ಎದ್ದ. ಮುಖ ತೊಳೆದ. ಬಿಳಿ ಶರ್ಟು ತೊಟ್ಟ. ಯಶೋದಮ್ಮ ಅಡುಗೆಮನೆಯಲ್ಲಿ ಪಾತ್ರೆ ಉಜ್ಜುತ್ತಾ ಕಿವಿಯನ್ನೆಲ್ಲ ಹೊರಗಿಟ್ಟಿದ್ದರು. ಅಂಗಳದಲ್ಲಿ ಟಿವಿಎಸ್ ಗುರುಗುಟ್ಟಿ, ಬೀದಿ ತಿರುಗಿ, ಸದ್ದು ದೂರವಾಯಿತು. ಕೈ ಒರೆಸಿಕೊಂಡು ಬಂದು ನೋಡಿದರೆ ಗೂಟದಲ್ಲಿ ಬೀಗದ ಕೈ ಇರಲಿಲ್ಲ.

ಅವರು ಜಗಲಿಗೆ ಹೋಗಿ ಫ್ರಿಜ್ಜಿಗೆ ಒರಗಿ ಕೂತರು. ಇವತ್ತು ಅಳಬಾರದು, ಅತ್ತರೆ ವರ್ಷವೆಲ್ಲ ಅಳಬೇಕು ಎಂದು ಹಲ್ಲು ಕಚ್ಚಿಕೊಂಡರು. ಅಷ್ಟೆಲ್ಲ ಮಾಡಿದ್ದು ಒಂದು ಚೊಂಬು ಮಜ್ಜಿಗೆಯಲ್ಲಿ ಹೋಯಿತಲ್ಲ, ಅವನಿಗೆ ಬೇಕಾಗಿದ್ದದ್ದು ಬೀರು ಮಾತ್ರವೇ, ಇಲ್ಲಿ ಅದು ಬಿಟ್ಟು ಬೇರೇನೂ ಇರಲೇ ಇಲ್ಲವೇ ಎಂದು ಎದೆ ಭಾರವಾಯಿತು. ಚಾಪೆ ಸುತ್ತಿದ್ದದ್ದು ಮೂಲೆಯಲ್ಲಿ ಹಾಗೇ ನಿಂತಿತ್ತು.

ಮತ್ತೆ ಟಿವಿಎಸ್ ಸದ್ದು. ಯಶೋದಮ್ಮ ಎದ್ದು ನಿಂತರು. ಅಂಗಳಕ್ಕೆ ಬಂದ ಗಾಡಿಯ ಹಿಂದೆ ಮುನಿಶಾಮಪ್ಪ ಕೂತಿದ್ದ, ಮಡಿಲಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿಯ ಚೀಲ. ಚಿಕ್ಕವೆಂಕಟಪ್ಪ ಗಾಡಿ ನಿಲ್ಲಿಸಿದವನೇ ಹೆಂಡತಿಯ ಮುಖ ನೋಡಿ, ಕಟ್ಟಳೆ ಮುರಿದ ಮಗುವಿನ ಹಾಗೆ ತಡವರಿಸಿದ. ಮುನಿಶಾಮಪ್ಪನಿಗೆ ಮಂಡಿ ಹಿಡಿದುಕೊಂಡಿದೆಯಂತೆ, ನಡೆಯಲಾಗುವುದಿಲ್ಲವಂತೆ, ಇವತ್ತೊಂದು ದಿನ ಗಾಡಿಯಲ್ಲಿ ಕರೆತಂದೆ, ಬೈಬೇಡ ಎಂದ. ಅಷ್ಟರಲ್ಲಿ ಗಂಗುಲಪ್ಪನೂ ತಲೆ ತಗ್ಗಿಸಿಕೊಂಡು ಬಂದ, ಅವನ ಹಿಂದೆ ಸೆರಗು ಹೊದ್ದುಕೊಂಡು ಅಶ್ವತ್ಥಮ್ಮ.

ಬೀರಿಲ್ಲ ಎಂದರು ಯಶೋದಮ್ಮ. ಗೊತ್ತು ಎಂದರು ಮೂವರೂ. ನಲ್ಲಿಯಲ್ಲಿರುವುದು ಬರೀ ಅಂಬಲಿ ಎಂದರು. ಗಂಗುಲಪ್ಪ, ಟೀಚರಮ್ಮನ ಅಂಬಲಿ ಕುಡಿದೇ ಅಲ್ಲವೇ ನನ್ನ ಮಕ್ಕಳು ಇಬ್ಬರೂ ದೊಡ್ಡವರಾಗಿದ್ದು, ಅಪ್ಪನಿಗೂ ಒಂದು ಲೋಟ ಕೊಡಿ ಎಂದ. ಸಾಲಾಗಿ ಕೈಕಾಲು ತೊಳೆದುಕೊಂಡು ಬಂದರು. ಚಾಪೆ ಹಾಸಿದವನು ಚಿಕ್ಕವೆಂಕಟಪ್ಪ. ಸಾಮಾನ್ಯವಾಗಿ ಒಂದೇ ಚಾಪೆ ಹಾಸುತ್ತಿದ್ದರು, ಅವತ್ತು ಒಳಗೆ ಹೋಗಿ ಇನ್ನೊಂದನ್ನೂ ತಂದು ಅದಕ್ಕೆ ಸೇರಿಸಿ ಹಾಸಿದ.

ಆಮೇಲೆ ಅವನೇ ಫ್ರಿಜ್ಜಿನ ಮುಂದೆ ನಿಂತು ಲೋಟ ಹಿಡಿದು ನಲ್ಲಿ ತಿರುಗಿಸಿದ. ಅಂಬಲಿ ಬುರುಬುರು ಎನ್ನುತ್ತಾ, ನೊರೆ ಏರಿಸಿಕೊಂಡು ಲೋಟ ತುಂಬಿತು. ಮುನಿಶಾಮಪ್ಪ ಕೈ ಚಾಚಿದ. ಚಿಕ್ಕವೆಂಕಟಪ್ಪ ಅವನನ್ನು ದಾಟಿ, ಅಡುಗೆಮನೆಯ ಹೊಸ್ತಿಲ ಮೇಲೆ ಕೂತಿದ್ದ ಯಶೋದಮ್ಮನ ಹತ್ತಿರ ಹೋದ. ಮದುವೆಯಾದಂದಿನಿಂದ ಹೆಂಡತಿಗೆ ಒಂದು ಲೋಟ ನೀರು ತಂದುಕೊಟ್ಟವನಲ್ಲ ಅವನು.

"ಇವತ್ತು ಏನ್ ಮಾಡ್ತೀವೋ ವರ್ಷೆಲ್ಲ ಅದೇ ಅಂತೀಯಲ್ಲ ನೀನು," ಎಂದ. "ಬಾ, ನಮ್ ಜೊತೆ ಕೂತ್ಕೋ."

ಯಶೋದಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು, ಹೊಗೆ ಎಂದರು. ಒಲೆ ಆರಿ ಎಷ್ಟು ಹೊತ್ತಾಗಿತ್ತೋ. ಲೋಟ ಈಸಿಕೊಂಡು ಬಂದು ಅಶ್ವತ್ಥಮ್ಮನ ಪಕ್ಕದಲ್ಲಿ ಚಾಪೆಯ ಮೇಲೆ ಕೂತರು. ಒಂದು ಗುಟುಕು ಕುಡಿದರೆ ಗ್ಯಾಸು ಮೂಗಿಗೆ ಹತ್ತಿ ದೊಡ್ಡದೊಂದು ತೇಗು ಬಂತು. ಚಾಪೆಯ ಮೇಲಿದ್ದವರೆಲ್ಲ ನಕ್ಕರು. ಅವರೂ ನಕ್ಕು, ಮುನಿಶಾಮಪ್ಪನ ಕಡೆ ತಿರುಗಿ, ಆ ಚಿಂತಾಮಣಿ ಬಸ್ಸಲ್ಲಿ ಮೇಕೆಗೆ ಟಿಕೆಟ್ ಹರಿದ ಕತೆ ಇನ್ನೊಂದು ಸಲ ಹೇಳಿ, ಅಲ್ಲಿಂದ ಸರಿಯಾಗಿ ಕೇಳಿಸ್ತಿರಲಿಲ್ಲ ಎಂದರು.